ಕಿಂಡಿಯಾಚೆಯ ಮಣೆ

ಮರ ಕೀಸುವುದಕ್ಕೆ ಇಬ್ಬರು ಬೇಕಾಗುತ್ತಿದ್ದ ಕಾಲದ ಮಾತು ಇದು. ಸಣ್ಣಪುಟ್ಟ ತುಂಡಿಗೆ ಒಬ್ಬ ಸಾಕು. ಆದರೆ ಆರೇಳು ಅಡಿಯ ಬಾಗಿಲ ಹಲಗೆ, ಅದೂ ಮತ್ತಿ, ಹೊನ್ನೆಯಂಥ ಹಟಮಾರಿ ಮರ, ನುಣುಪಾಗಬೇಕಾದರೆ ದೊಡ್ಡ ಕೀಸುಳಿಯೇ ಬೇಕು. ಕೀಸುಳಿಯೆಂದರೆ ಹೊಟ್ಟೆಯೊಳಗೆ ಅಲಗು ಸಿಕ್ಕಿಸಿದ ಒಂದು ಉದ್ದನೆಯ ಮರದ ತುಂಡು. ಅದರ ಮುಂದುಗಡೆ ಅಡ್ಡಗೂಟ, ಗೂಟಕ್ಕೆ ಹಗ್ಗ. ಹಿಂದೆ ನಿಂತವನು ಒತ್ತಿ ನೂಕಬೇಕು, ಎದುರಿಗೆ ಕೂತವನು ಹಗ್ಗ ಹಿಡಿದು ಎಳೆಯಬೇಕು. ನೂಕುವವನು ಯಜಮಾನ, ಎಳೆಯುವವನು ಆಳು. ಶಿರಸಿಯ ನಮ್ಮ ಮನೆಯಲ್ಲಿ ನೂಕುತ್ತಿದ್ದವನು ನಾನು, ಎಳೆಯುತ್ತಿದ್ದವಳು ನನ್ನ ಅಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಸಿದ್ದಾಪುರದ ಕಡೆಗೆ ಕೊಟ್ಟಿದ್ದರು. ಇಪ್ಪತ್ತು ತುಂಬುವ ಮೊದಲೇ ಗಂಡ ಹೋದ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದರು. ನಾನು ಧಾರವಾಡಕ್ಕೆ ಮಾಸ್ತರಿಕೆ ಕಲಿಯಲು ಹೋದವನು. ಅಲ್ಲಿ ನೂಲುವುದು, ಮರಗೆಲಸ ಎರಡರಲ್ಲಿ ಒಂದನ್ನು ಕಲಿಯಲೇಬೇಕಿತ್ತು. ನೂಲು ಕಡಿದು ಕಡಿದು ತಲೆಕೆಟ್ಟು ಮರಗೆಲಸಕ್ಕೆ ಹೋದೆ, ಅದೇ ಹಿಡಿಸಿಬಿಟ್ಟಿತು. ಮುಂದೆ ಮಕ್ಕಳಿಗೆ ಅದನ್ನೇ ಕಲಿಸುವ ನೌಕರಿ ಸಿಕ್ಕಿತ್ತು. ಹೆಡ್‌ಮಾಸ್ತರರ ಜತೆ ಜಗಳವಾಡಿ ಬಿಟ್ಟೆ. ಜಗಳ ಯಾವುದಕ್ಕೆಂದು ಈಗ ಮರೆತಿದೆ, ಸರಿ ನನ್ನ ಕಡೆಗೇ ಇತ್ತೆಂಬುದು ಮಾತ್ರ ಚೆನ್ನಾಗಿ ನೆನಪಿದೆ.

ನಾವೆಲ್ಲ ಮುಂಬೈ ರಾಜ್ಯದವರಾಗಿ ಮಲಗಿ ಮೈಸೂರು ರಾಜ್ಯದವರಾಗಿ ಎದ್ದ ಐವತ್ತಾರರಲ್ಲಿ, ಶಿರಸಿಯ ಓಣಿಯೊಂದರಲ್ಲಿ ಹಳೇ ಮನೆ ಕೊಂಡು, ಅದರ ಉದ್ದನೆಯ ಮುಂದಿನ ಕೋಣೆಯಲ್ಲಿ ಮರಗೆಲಸ ಶುರುಮಾಡಿದೆ. ಅಪ್ಪ ಅಮ್ಮ ಅಷ್ಟರಲ್ಲಿ ಇರಲಿಲ್ಲ. ತೋಟದ ಮನೆತನದವನು, ಪೂಜೆ ಪಂಚಾಂಗ ಬಿಟ್ಟು ಕೀಸುಳಿ ಹಿಡಿದನೆಂದು ನೆಂಟರು ಮೂಗು ಮುರಿದರು. ಜನಿವಾರ ಹಾಕಿದವನು ಮಾಡುವ ಕೆಲಸವೇ ಇದು ಎಂದು ಕೇಳಿದವರಿಗೆ, ಆಚಾರಿಗಳು ನಿಮಗಿಂತ ದಪ್ಪ ಜನಿವಾರ ಹಾಕುತ್ತಾರೆ ನೋಡಿ ಬನ್ನಿ ಎಂದು ಹೇಳಿ ಕಳಿಸಿದೆ. ಬಡಗಿಗೆ ಹೆಣ್ಣು ಕೊಡಲು ನಮ್ಮವರಲ್ಲಿ ಯಾರೂ ಮುಂದೆ ಬರಲಿಲ್ಲ. ನನ್ನ ಜತೆಗೆ ಬಂದವಳು ಅಕ್ಕ ಒಬ್ಬಳೇ.

ಹಗ್ಗ ಎಳೆಯಲು ಮಾತ್ರ ಒಬ್ಬರೂ ಸಿಗಲಿಲ್ಲ. ಆಚಾರಿಗಳಿಗೆ ನಾನು ಹೊರಗಿನವ, ನಮ್ಮವರಿಗೆ ಕೆಲಸವೇ ಹೊರಗಿನದು. ಒಂದು ಮಧ್ಯಾಹ್ನ ಒಬ್ಬನೇ ಬೆವರು ಸುರಿಸುತ್ತ ಒಂದು ಹೊನ್ನೆ ಹಲಗೆಯ ಜತೆ ಗುದ್ದಾಡುತ್ತಿದ್ದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ಬೀದಿಬಾಗಿಲ ಕಡೆ, ನನ್ನೆದುರಿಗೆ, ಗಟ್ಟಿಯಾಗಿ ಕೂತಳು.

“ಹಗ್ಗ ಇಲ್ಲಿ ಕೊಡು.”

“ಯಾರಾದ್ರೂ ನೋಡಿದ್ರೆ ಎಂತ ಹೇಳ್ತ?”

“ಎನ್ನ ನೋಡವು ಯಾರಿದ್ದ ತಮಾ? ಕೊಡು.”

ಅವಳು ಹೇಳಿದ್ದು ನಿಜವೇ ಆಗಿತ್ತು. ಕೆಂಪು ಸೀರೆ ಉಟ್ಟವಳನ್ನು ಆಗ ಯಾರೂ ಸರಿಯಾಗಿ ನೋಡುತ್ತಿರಲಿಲ್ಲ, ಶುಭಕಾರ್ಯಕ್ಕೆ ಎದುರು ಬಂದರೆ ಮಾತ್ರ ನೋಡುತ್ತಿದ್ದರು.

ಹಾಗೆ ಶುರುವಾದದ್ದು ಐದಾರು ವರ್ಷ ನಡೆಯಿತು. ಪ್ರತಿ ಎಳೆತಕ್ಕೂ ಮೊದಲು ಅವಳು “ಹೂಂ” ಅನ್ನುತ್ತಿದ್ದಳು. ಆ ಹೂಂಗೆ ಸರಿಯಾಗಿ ನಾನು ನೂಕುತ್ತಿದ್ದೆ. ಬೇರೆ ಮಾತಿಲ್ಲ. ಇಡೀ ಬೆಳಗು ಇನ್ನೂರು ಮುನ್ನೂರು ಹೂಂಗಳಲ್ಲಿ ಕಳೆದುಹೋಗುತ್ತಿತ್ತು. ಏಕಾದಶಿಯ ದಿನ ಉಪವಾಸ, ಎಳೆಯಬೇಡವೆಂದರೆ ಕೇಳುತ್ತಿರಲಿಲ್ಲ. ತೆಂಗಿನ ನಾರಿನ ಆ ಹಗ್ಗ ಅವಳ ಎರಡೂ ಅಂಗೈಯಲ್ಲಿ ಜಡ್ಡು ಕಟ್ಟಿಸಿತ್ತು. ಆ ಕೈಯಲ್ಲಿ ಹೂಬತ್ತಿ ಹೊಸೆಯಲು ಆಗುವುದಿಲ್ಲ, ಎಳೆ ಸಿಕ್ಕುತ್ತದೆ ಎಂದು ಒಮ್ಮೆ ಹೇಳಿದಳು, ದೂರಿನಂತೆ ಅಲ್ಲ. ಈಗ ಯೋಚಿಸಿದರೆ ನನ್ನ ಬದುಕಿನಲ್ಲಿ ನಾನು ಒಂಟಿಯಲ್ಲದೆ ಇದ್ದದ್ದು ಆ ಐದಾರು ವರ್ಷ ಮಾತ್ರ. ಆಗ ಅದು ನನಗೆ ಗೊತ್ತಿರಲಿಲ್ಲ.

ಅರವತ್ತೊಂದರ ಸುಮಾರಿಗೆ ಹಲಗೆಗಳು ಕೆಡತೊಡಗಿದವು. ಎಷ್ಟು ಕೀಸಿದರೂ ಮೇಲ್ಮೈ ಮಟ್ಟವಾಗುತ್ತಿರಲಿಲ್ಲ, ಕೈಯಾಡಿಸಿದರೆ ಸಣ್ಣಗೆ ಏರುತಗ್ಗು ಸಿಗುತ್ತಿತ್ತು. ಅಲಗು ಮಸೆದೆ, ಮತ್ತೆ ಮಸೆದೆ. ಅಕ್ಕ ಒಂದು ದಿನ ಹಗ್ಗ ಸಡಿಲ ಬಿಟ್ಟು ಹೇಳಿದಳು:

“ತಮಾ, ಕೀಸುಳಿ ಒಂಚೂರು ತಿರುಗಿಸಿ ನೋಡು. ಎನ್ನ ಕೈಗೆ ಮೊದಲಿನ ಹಂಗೆ ಬತ್ತಾ ಇಲ್ಲೆ.”

“ನೀ ಎಳಿ, ಸಾಕು” ಅಂದೆ. ಕೀಸುಳಿಯ ವಿಷಯ ಧಾರವಾಡದಲ್ಲಿ ಕಲಿತವನಿಗೆ ಹಗ್ಗ ಎಳೆಯುವವಳು ಹೇಳಿಕೊಡಬೇಕೇ?

ಅದೇ ವಾರ ಭೈರುಂಬೆ ಕಡೆಯ ಗಿರಾಕಿಯೊಬ್ಬರು ತಮ್ಮ ಹೊಸ ಮನೆಯ ಬಾಗಿಲು ನೋಡಲು ಬಂದರು. ದೂರದ ಸಂಬಂಧದಲ್ಲಿ ಭಾವ ಆಗಬೇಕು. ಹಲಗೆಯ ಮೇಲೆ ಅಂಗೈ ಆಡಿಸಿ, “ಇದೆಂತ ಮಾರಾಯಾ, ಅಲೆ ಅಲೆ ಇದ್ದಲಾ?” ಅಂದರು. ಅಕ್ಕ ಹಗ್ಗ ಹಿಡಿದು ಅಲ್ಲೇ ಕೂತಿದ್ದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಹುಟ್ಟಿದಾಗಿನಿಂದ. ಅವಳ ಕಡೆ ನೋಡದೆಯೇ ಹೇಳಿದೆ:

“ಎಂತ ಮಾಡದು ಭಾವಾ, ಹಗ್ಗ ಎಳೆಯವ್ರ ಕೈ ಸೋತಿದ್ದು.”

ಅಕ್ಕ ಹಗ್ಗವನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು ಎದ್ದು ಒಳಗೆ ಹೋದಳು. ಆ ಸಂಜೆ ಬಡಿಸುವಾಗಲೂ ಮುಖ ಎಂದಿನಂತೆಯೇ ಇತ್ತು. ನಾಲ್ಕು ದಿನ ಬಿಟ್ಟು ಸಿದ್ದಾಪುರದಿಂದ ಕಾಗದ ಬಂತು. ಅವಳ ಗಂಡನ ತಮ್ಮನ ಹೆಂಡತಿ ಹೆತ್ತಿದ್ದಳು, ಬಾಣಂತನಕ್ಕೆ ಜನವಿಲ್ಲ. ಇಷ್ಟು ವರ್ಷ ಅವಳು ಬದುಕಿದ್ದಾಳೋ ಇಲ್ಲವೋ ಎಂದು ಕೇಳದವರಿಗೆ ಈಗ ನೆನಪಾಯಿತೇ ಎಂದು ನಾನು ಕೂಗಾಡಿದೆ. ಅಕ್ಕ ಎರಡು ಸೀರೆ ಗಂಟು ಕಟ್ಟಿಕೊಂಡು, “ಬಾಣಂತನ ಮುಗಿಸ್ಕಂಡು ಬತ್ತೆ” ಎಂದು ಬಸ್ಸು ಹತ್ತಿದಳು. ಹೋದ ಮೇಲೆ ನೋಡಿದರೆ ಹಗ್ಗ ತೂಗುಹಾಕುತ್ತಿದ್ದ ಮೊಳೆ ಖಾಲಿಯಿತ್ತು. ಎಲ್ಲೋ ತೊಳೆದು ಒಣಗಿಸಿಟ್ಟಿರಬೇಕು ಅಂದುಕೊಂಡೆ.

ಬಾಣಂತನ ಮೂರು ತಿಂಗಳಿಗೆ ಮುಗಿಯಬೇಕು. ಆರು ತಿಂಗಳಾದರೂ ಅಕ್ಕ ಬರಲಿಲ್ಲ. ನಾನು ಕರೆಯಲಿಲ್ಲ. ಕರೆಯುವುದೆಂದರೆ ಅಂದಿನ ಮಾತು ತಪ್ಪೆಂದು ಒಪ್ಪಿದಂತೆ, ಅದು ತಪ್ಪಲ್ಲವೆಂದೇ ನನ್ನ ಖಾತ್ರಿ. ಕೈ ಸೋತಿದ್ದರೆ ಸೋತಿದೆ ಅನ್ನಬಾರದೇ? ಎಳೆಯಲು ಇಬ್ಬರು ಆಳುಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಇಟ್ಟುಕೊಂಡು ನೋಡಿದೆ. ಇಬ್ಬರೂ ನನ್ನ ಬಾಯಿಗೆ ಹೆದರಿ ವಾರದೊಳಗೆ ಬಿಟ್ಟರು. ಅವರು ಎಳೆದಾಗಲೂ ಹಲಗೆ ಅಲೆ ಅಲೆಯೇ ಬರುತ್ತಿತ್ತು. ಅದರಿಂದ ನಾನು ಕಲಿತ ಪಾಠ, ಶಿರಸಿಯಲ್ಲಿ ಯಾರ ಕೈಗೂ ಬಲವಿಲ್ಲ ಎಂಬುದು!

ಆ ಹೊತ್ತಿಗೆ ನಮ್ಮ ಓಣಿಗೆ ಮೋಟರು ಓಡಿಸುವಂಥ ಮೂರು ತಂತಿಯ ಕರೆಂಟು ಬಂತು. ಯಲ್ಲಾಪುರದಲ್ಲಿ ಮರ ಕೊಯ್ಯುವ ಮಿಲ್ಲೊಂದು ಮುಚ್ಚುತ್ತಿದೆ, ಅಲ್ಲಿ ಕೀಸುವ ಮಶೀನು ಕೊಡುತ್ತಾರಂತೆ ಎಂದು ಮರದ ಡಿಪೋದಲ್ಲಿ ಕೇಳಿ, ಮಾರನೆಯ ಬೆಳಿಗ್ಗೆಯೇ ಹೋದೆ. ನಾಲ್ಕು ಕಂಬದ ಮೇಲೆ ತಗಡು ಹಾಕಿದ ಷೆಡ್ಡು, ಸುತ್ತ ಗೋಡೆಯೇ ಇಲ್ಲ. ನಡುವೆ ಮಶೀನು. ಕಬ್ಬಿಣದ ಎರಡು ಮೇಜು ತಲೆಗೆ ತಲೆ ಕೊಟ್ಟು ನಿಂತಿವೆ, ಅವುಗಳ ನಡುವೆ ಒಂದು ಉರುಳೆ, ಉರುಳೆಗೆ ಮೂರು ಅಲಗು. ಹಲಗೆಯನ್ನು ಈಚೆಯ ಮೇಜಿನ ಮೇಲಿಟ್ಟು ಮುಂದಕ್ಕೆ ನೂಕಿದರೆ ಗಿರ್ರನೆ ತಿರುಗುವ ಉರುಳೆ ಅದರ ಅಡಿಯನ್ನು ಕೀಸುತ್ತದೆ, ಹಲಗೆ ನುಣುಪಾಗಿ ಆಚೆಯ ಮೇಜಿಗೆ ಹೋಗುತ್ತದೆ. ಮಿಲ್ಲಿನವನು ಎಂಟಡಿಯ ಸಾಗುವಾನಿ ಹಲಗೆಯೊಂದನ್ನು ದಾಟಿಸಿ ತೋರಿಸಿದ.

“ಒಬ್ನೇ ಸಾಕು ನೋಡಿ. ಆಳು ಗೀಳು ಯಾರೂ ಬೇಡ” ಅಂದ.

ಮಶೀನಿನ ಗುಣ ದೋಷ ನೋಡುವ ತಾಳ್ಮೆಯೇ ನನಗೆ ಉಳಿಯಲಿಲ್ಲ. ಒಬ್ಬನೇ ಸಾಕು ಎಂಬ ಮಾತಿಗಾಗಿಯೇ ಅದನ್ನು ಕೊಂಡೆ. ಕಟ್ಟಿಗೆ ಲಾರಿಯಲ್ಲಿ ಅದರ ಪಕ್ಕದಲ್ಲೇ ಕೂತು ಶಿರಸಿಗೆ ಬರುವಾಗ ಮನಸ್ಸಿನಲ್ಲೇ ಅಕ್ಕನಿಗೆ ಹೇಳುತ್ತಿದ್ದೆ: ನೋಡು, ನೀ ಬಾರದಿದ್ದರೂ ನಡೆಯುತ್ತದೆ.

ಮಶೀನು ಕೂರಿಸಲು ಸಿಮೆಂಟು ಬೇಕು. ಆಗ ಸಿಮೆಂಟಿಗೆ ಪರ್ಮಿಟ್ಟು. ಎರಡು ಚೀಲಕ್ಕೆ ಮಾಮಲೇದಾರ ಕಚೇರಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿದೆನೋ. ಅಲ್ಲಿ ಯಾರ ಮೇಲೂ ಸಿಟ್ಟು ಮಾಡಲಿಲ್ಲವೆಂಬುದು ನನ್ನ ಜೀವಮಾನದ ಸಾಧನೆ. ಮಶೀನನ್ನು ಎಲ್ಲಿ ಕೂರಿಸಬೇಕೆಂದು ಯೋಚಿಸಲೇ ಇಲ್ಲ, ಯೋಚಿಸುವಂಥದ್ದೇನಿದೆ? ನಾನು ಇಷ್ಟು ವರ್ಷ ಹಿಂಗೋಡೆಗೆ ಬೆನ್ನು ಹಾಕಿ ನಿಂತು ನೂಕಿದವನು, ಅಲ್ಲೇ ನಿಲ್ಲುವುದು. ಎದುರಿಗೆ ಬೀದಿಬಾಗಿಲ ತನಕ ಜಾಗ ಖಾಲಿ ಬಿಟ್ಟೆ. ಗುಂಡಿ ತೋಡಿ, ಬೋಲ್ಟು ನಿಲ್ಲಿಸಿ, ಸಿಮೆಂಟು ಹಾಕಿ, ರಸಮಟ್ಟ ಇಟ್ಟು ಇಟ್ಟು ನೋಡಿ, ಹದಿನೈದು ದಿನ ನೀರುಣಿಸಿದೆ. ಆರು ಜನ ಹಮಾಲರು ಉರುಳುಗಟ್ಟಿಗೆ ಕೊಟ್ಟು ಮಶೀನನ್ನು ತಂದು ಬೋಲ್ಟಿನ ಮೇಲೆ ಇಳಿಸಿದರು. ಒಂದು ಕೂದಲೆಳೆ ಆಚೆ ಈಚೆ ಇರಲಿಲ್ಲ.

ಮೋಟರಿಗೆ ಬೆಲ್ಟು ಕೂರಿಸಲು ಹಾವೇರಿ ಕಡೆಯ ಒಬ್ಬ ಫಿಟರು ಬಂದ. ದಪ್ಪ ಮೀಸೆ, ಬಾಯಿತುಂಬ ಎಲೆಯಡಿಕೆ. ಒಳಗೆ ಕಾಲಿಟ್ಟವನು ಮಶೀನನ್ನೊಮ್ಮೆ, ಅದರ ಹಿಂದಿನ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

“ಮಾಸ್ತರ, ಹಲಗಿ ಎಲ್ಲಿಂದ ಹಾಕ್ತೀರಿ? ಗ್ವಾಡ್ಯಾಗಿಂದೇನ್ರಿ?”

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕೀಸುಳಿ ಹಿಡಿದವನಿಗೆ ಹಿಂದೆ ಜಾಗ ಬೇಡ. ಹಲಗೆ ಅವನ ಎದುರಿಗೆ ಮಲಗಿರುತ್ತದೆ, ಅವನು ಅದರ ಮೇಲೆ ಮುಂದೆ ಮುಂದೆ ಹೋಗುತ್ತಾನೆ. ಮಶೀನಿನಲ್ಲಿ ಓಡುವುದು ಹಲಗೆ. ಏಳಡಿ ಹಲಗೆ ಉರುಳೆಯ ಆಚೆಗೆ ಹೋಗಬೇಕಾದರೆ ಮೊದಲು ಉರುಳೆಯ ಈಚೆಗೆ ಏಳಡಿ ಇರಬೇಕು. ನಾನು ಈಚೆಗೆ ಬಿಟ್ಟದ್ದು ನಾಲ್ಕೇ ಅಡಿ. ಎದುರಿಗೆ ಮಾತ್ರ ಹದಿನಾಲ್ಕು ಅಡಿ ಖಾಲಿ, ಅಕ್ಕ ಕೂತು ಹಗ್ಗ ಎಳೆಯುತ್ತಿದ್ದ ಜಾಗ. ಯಾರೂ ಬೇಡವೆಂದು ಮಶೀನು ತಂದವನು ಅವಳಿಗೆ ಜಾಗ ಬಿಟ್ಟು ತನಗೇ ಬಿಟ್ಟುಕೊಂಡಿರಲಿಲ್ಲ.

“ಈಗ ಎಂತ ಮಾಡದು?” ಅಂದೆ.

“ಫೌಂಡೇಶನ್ ಒಡೀರಿ. ಇಲ್ಲಂದ್ರ ಗ್ವಾಡಿ ಒಡೀರಿ. ಮೂರನೇದು ಇಲ್ರಿ” ಎಂದು ನಕ್ಕ. ನಕ್ಕದ್ದಕ್ಕೆ ನನಗೆ ಉರಿಯಿತು. ಇವನ ಮಶೀನಿನಲ್ಲೂ ಒಂದು ತಪ್ಪು ಹುಡುಕಿ ತೋರಿಸಬೇಕು ಅನ್ನಿಸಿತು. ಮೇಜಿನ ಮಟ್ಟ ಸರಿಯಿದೆಯೋ ನೋಡೋಣವೆಂದು, ನನ್ನಲ್ಲಿದ್ದ ಅತ್ಯಂತ ನೇರವಾದ ವಸ್ತುವನ್ನು, ಅಂದರೆ ನಮ್ಮ ದೊಡ್ಡ ಕೀಸುಳಿಯನ್ನು, ತಂದು ಮೇಜಿನ ಮೇಲಿಟ್ಟು ಬಗ್ಗಿ ನೋಡಿದೆ. ಕೀಸುಳಿಯ ಅಡಿಯಲ್ಲಿ ನಡುವೆ ಬೆಳಕು ಕಂಡಿತು. ಒಂದು ಕಾಸು ತೂರುವಷ್ಟು ಸಂದು.

“ನೋಡು, ಮೇಜೇ ಡೊಂಕು! ಯಲ್ಲಾಪುರದವ ಮೋಸ ಮಾಡಿದ್ದಾನೆ” ಎಂದು ಕೂಗಿದೆ.

ಫಿಟರು ಚೀಲದಿಂದ ಉಕ್ಕಿನ ಪಟ್ಟಿ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಎಲ್ಲೂ ಬೆಳಕಿಲ್ಲ. ಅಡ್ಡ ಇಟ್ಟ, ಮೂಲೆಗೆ ಇಟ್ಟ, ಬೆಳಕಿಲ್ಲ. ಆಮೇಲೆ ಕೀಸುಳಿಯನ್ನು ಮಗುಚಿ ಅದರ ಅಡಿಗೆ ಪಟ್ಟಿ ಹಿಡಿದ.

“ಮೇಜು ನೆಟ್ಟಗ ಐತ್ರಿ. ನಿಮ್ಮ ಕೀಸುಳಿ ಹೊಟ್ಟೀನ ಒಳಗ ಹೋಗೈತಿ. ಭಾಳ ವರ್ಷದ್ದು, ತಿಕ್ಕಿ ತಿಕ್ಕಿ ಸವದೈತಿ. ಇದರಾಗ ಯಾರು ಎಳದ್ರೂ ಹಲಗಿ ಮಟ್ಟ ಆಗಂಗಿಲ್ರಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಅನ್ನಲಿಲ್ಲ, ಅಕ್ಕನ ಕೈಯನ್ನು ಅಂದೆ. ಕೆಲಸ ಶುರುಮಾಡುವ ಮೊದಲು ಕೀಸುಳಿಯ ಅಡಿ ನೋಡಬೇಕು ಎಂಬುದು ನಾನೇ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮೊದಲ ಪಾಠ. ಅವಳು ಕೀಸುಳಿ ತಿರುಗಿಸಿ ನೋಡೆಂದು ಬಾಯಿಬಿಟ್ಟು ಹೇಳಿದ್ದಳು. ಕಣ್ಣಿಂದ ನಾನು ಕಾಣದ್ದನ್ನು ಅವಳು ಹಗ್ಗದ ತುದಿಯಲ್ಲಿ ಕೂತು ಕಂಡಿದ್ದಳು.

ಫಿಟರು ಬೆಲ್ಟು ಹಾಕಿ, ಅಲಗಿನ ತುದಿಯೂ ಆಚೆಯ ಮೇಜೂ ಒಂದೇ ಮಟ್ಟಕ್ಕೆ ಬರುವಂತೆ ಕೂರಿಸಿ ಕೊಟ್ಟು ಸಂಜೆಯ ಬಸ್ಸಿಗೆ ಹೋದ. ನಾನು ಕೀಸುಳಿಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಕೂತೆ. ನನಗೆ ನಾಚಿಕೆಯಾಯಿತು. ಅಳುವೂ ಬಂತು.

ಮಾರನೆಯ ದಿನ ಸುಮ್ಮನಿರಲಾರದೆ ಮಶೀನು ಹಚ್ಚಿದೆ. ನಾಲ್ಕಡಿಯೊಳಗಿನ ತುಂಡು ಮಾತ್ರ ಹಾಕಬಹುದು. ಮೂಲೆಯಲ್ಲಿ ಹೊನ್ನೆಯ ಒಂದು ಮೊಂಡು ತುಂಡು ಬಿದ್ದಿತ್ತು, ಅದನ್ನೇ ಹಾಕಿದೆ. ಕನ್ನಡಿಯಂತೆ ಬಂತು. ಆ ಅಳತೆಯ ತುಂಡಿನಲ್ಲಿ ಆಗುವುದು ಒಂದು ಕೂರುವ ಮಣೆ. ಮಣೆ ಮಾಡಿದೆ. ಮಾಡುವಾಗ ಯಾರಿಗೆಂದು ಅಂದುಕೊಂಡಿರಲಿಲ್ಲ, ಅಂಚನ್ನು ಉರುಟು ಮಾಡುವಾಗ ಗೊತ್ತಾಯಿತು. ಅಕ್ಕ ಇಷ್ಟು ವರ್ಷ ಬರೀ ನೆಲದ ಮೇಲೆ ಕೂತಿದ್ದಳು. ಮನೆ ತುಂಬ ಮರವಿದ್ದ ಬಡಗಿಗೆ ಅವಳಿಗೊಂದು ಮಣೆ ಮಾಡಲು ತೋಚಿರಲಿಲ್ಲ.

ಎರಡನೇ ಸಲ ಸಿಮೆಂಟು ಯಾರು ಕೊಡುತ್ತಾರೆ? ಗೋಡೆಯನ್ನೇ ಕೊರೆದೆ. ಮಣ್ಣಿನ ಗೋಡೆ, ಮೇಜಿನ ಎತ್ತರಕ್ಕೆ ಸರಿಯಾಗಿ ಒಂದು ಕಿಂಡಿ. ಆಚೆಗೆ ಹಿತ್ತಿಲು. ಹಲಗೆಯ ಬಾಲವನ್ನು ಹಿತ್ತಿಲಿನಲ್ಲಿ ಒಂದು ಮರದ ಕುದುರೆಯ, ಅಂದರೆ ನಾಲ್ಕು ಕಾಲಿನ ಆಸರೆಯ, ಮೇಲೆ ಇಟ್ಟು, ತಲೆಯನ್ನು ಕಿಂಡಿಯಿಂದ ಒಳಗೆ ಹಾಕಿ, ಅಡುಗೆಮನೆಯ ಮೂಲಕ ಸುತ್ತಿ ಬಂದು ಒಳಗೆ ನಿಂತು ನೂಕುವುದು. ಒಂದು ಹಲಗೆಗೆ ಒಂದು ಸುತ್ತು. ದಿನಕ್ಕೆ ಮೂವತ್ತು ನಲವತ್ತು ಸಲ ಅಡುಗೆಮನೆ ದಾಟುತ್ತಿದ್ದೆ, ಅಲ್ಲಿ ಒಲೆ ಹೆಚ್ಚಾಗಿ ತಣ್ಣಗಿರುತ್ತಿತ್ತು.

ಅಷ್ಟಾದರೂ ಒಂದು ಸೊಟ್ಟ ಉಳಿಯಿತು. ಹಲಗೆ ಮುಂದೆ ಸಾಗಿ ಬಾಲ ಕುದುರೆಯಿಂದ ಜಾರಿದ ಗಳಿಗೆಯಲ್ಲಿ ತಟಕ್ಕನೆ ಕುಗ್ಗುತ್ತದೆ, ಆ ಕುಗ್ಗಿನಿಂದ ಕೊನೆಯ ಒಂದು ಗೇಣಿನಲ್ಲಿ ಅಲಗು ಕಚ್ಚಿ ಗುಳಿ ಮಾಡುತ್ತದೆ. ಪ್ರತಿ ಹಲಗೆಯಲ್ಲೂ ಕೊನೆಯ ಗೇಣು ಕಡಿದು ಒಲೆಗೆ ಹಾಕಬೇಕು. ಬಾಲ ಜಾರುವ ಹೊತ್ತಿಗೆ ಕಿಂಡಿಯ ಆಚೆ ಒಬ್ಬರು ಕೂತು, ಅಡಿಗೆ ಕೈ ಕೊಟ್ಟು, ಹಲಗೆಯ ಜತೆಗೇ ಕೈಯನ್ನು ಮುಂದೆ ತಂದರೆ ಗುಳಿ ಬೀಳುವುದಿಲ್ಲ. ಬಲ ಬೇಡ, ಹಲಗೆಯ ಓಟ ಕೈಗೆ ತಿಳಿಯಬೇಕು. ಅಂಥ ಕೈ ನನಗೆ ಗೊತ್ತಿದ್ದದ್ದು ಒಂದೇ.

ಕಿಂಡಿಯ ಆಚೆ ಮಳೆಗೆ ಒದ್ದೆಯಾಗದಂತೆ ಮೇಲೊಂದು ತಗಡು ಹೊದಿಸಿದೆ. ಅದರಡಿಗೆ ಹೊನ್ನೆಯ ಮಣೆ ಇಟ್ಟೆ. ಕೀಸುಳಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ. ಹೇಳಬೇಕಾದ್ದು ಎರಡೇ ಮಾತು. ತಪ್ಪು ನನ್ನದು, ನಿನ್ನ ಕೈ ಬೇಕು. ದಾರಿಯುದ್ದ ಅದನ್ನೇ ಬಾಯಿಪಾಠ ಮಾಡಿದೆ.

ಅವರ ಮನೆಯ ಜಗುಲಿಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ “ಹೂಂ” ಎಂಬ ದನಿ ಕೇಳಿತು. ಸ್ವಲ್ಪ ಬಿಟ್ಟು ಮತ್ತೆ “ಹೂಂ.” ನಾನು ಬಾಗಿಲಲ್ಲೇ ನಿಂತೆ. ನಡುಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ತೊಟ್ಟಿಲಿಗೆ ಕಟ್ಟಿದ ಹಗ್ಗ ಉದ್ದಕ್ಕೆ ಅಡುಗೆಮನೆಯ ಹೊಸಿಲ ತನಕ ಬಂದಿತ್ತು, ಹೊಸಿಲಲ್ಲಿ ಅಕ್ಕ ಕೂತು ಎಳೆಯುತ್ತಿದ್ದಳು. ನಮ್ಮದೇ ಹಗ್ಗ.

“ಯಾವಾಗ ಬಂದ್ಯ ತಮಾ? ಕೂತ್ಗ” ಅಂದಳು, ಕೈ ನಿಲ್ಲಿಸದೆ.

ಪಂಚೆ ಬಿಚ್ಚಿ ಕೀಸುಳಿಯನ್ನು ಮಗುಚಿ ಅವಳ ಮುಂದಿಟ್ಟೆ. ಅವಳು ಎಡಗೈಯಿಂದ ಅದರ ಅಡಿಯನ್ನು ಸವರಿದಳು, ಬಲಗೈ ತೊಟ್ಟಿಲು ಎಳೆಯುತ್ತಲೇ ಇತ್ತು.

“ಸವದಿದ್ದು” ಅಂದೆ.

“ಹೌದು, ಎನಗೆ ಗೊತ್ತಿತ್ತು.”

“ಆವತ್ತು ಆನು ಹಂಗೆ ಹೇಳಿದ್ದು ಸರಿಯಲ್ಲ. ತಪ್ಪಾತು.”

“ಇರಲಿ ಬಿಡು. ಮಶೀನು ತಂದ್ಯಡ ಹೇಳಿ ಸುದ್ದಿ ಬಂತು. ಹೆಂಗಿದ್ದು?”

“ಚೊಲೋ ಇದ್ದು.”

ತೊಟ್ಟಿಲು ಎರಡು ಮೂರು ಸಲ ಹೋಗಿ ಬಂತು. ಅಕ್ಕ ನನ್ನ ಕಡೆ ನೋಡದೆ ಕೇಳಿದಳು:

“ಅಲ್ಲಿ ಈಗ ಎನ್ನ ಕೈಗೆ ಎಂತಾದ್ರೂ ಕೆಲಸ ಇದ್ದ?”

ಆ ಪ್ರಶ್ನೆಗೆ ಉತ್ತರ ನನ್ನ ಬಳಿ ಸಿದ್ಧವಾಗಿತ್ತು. ಗೋಡೆ ಕೊರೆದು, ತಗಡು ಹೊದಿಸಿ, ಮಣೆ ಇಟ್ಟು ಬಂದವನು ನಾನು. ಆದರೆ ಹೇಳಬೇಕಾದರೆ ಮಶೀನನ್ನು ಗೋಡೆಗೆ ತೀರ ಹತ್ತಿರ ಕೂರಿಸಿದ್ದನ್ನೂ ಹೇಳಬೇಕು. ಒಂದೇ ದಿನ ಎರಡು ತಪ್ಪು ಒಪ್ಪಿಕೊಳ್ಳುವಷ್ಟು ಅಭ್ಯಾಸ ನನ್ನ ನಾಲಿಗೆಗೆ ಇರಲಿಲ್ಲ. ಜತೆಗೆ, ಐದಾರು ವರ್ಷ ಆಳಿನಂತೆ ದುಡಿಸಿಕೊಂಡವಳನ್ನು ಮತ್ತೆ ಹಿತ್ತಿಲಲ್ಲಿ ಕೂರಿಸುತ್ತೇನೆಂದು ಹೇಗೆ ಹೇಳುವುದು ಎಂದೂ ಅನ್ನಿಸಿತು. ಸಮಾಧಾನ ಹೇಳುವವನ ಹಾಗೆ ಹೇಳಿದೆ:

“ಎಂತೂ ಇಲ್ಲೆ ಅಕ್ಕಾ. ಎಲ್ಲಾ ಮಶೀನೇ ಮಾಡ್ತು.”

ಅವಳು “ಹೂಂ” ಅಂದಳು. ಅದು ತೊಟ್ಟಿಲಿಗೆ ಅಂದದ್ದೋ ನನಗೋ ತಿಳಿಯಲಿಲ್ಲ. ಊಟ ಮಾಡಿಸಿ ಕಳಿಸಿದಳು. ನಾನು ಕರೆಯಲಿಲ್ಲ, ಅವಳು ಬರುತ್ತೇನೆ ಅನ್ನಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನನ್ನನ್ನೇ ಬೈದುಕೊಂಡೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆಯೂ ಹೋಗುತ್ತದೆ.

ಆಮೇಲೆ ಆ ದಶಕವೆಲ್ಲ ನಾನೂ ಮಶೀನೂ ಕಿಂಡಿಯೂ. ಮಶೀನು ಚೆನ್ನಾಗಿಯೇ ದುಡಿಯಿತು. ಶಾಲೆಗಳ ಬೆಂಚು, ಮದುವೆಯ ಮಂಚ, ಮಾಗೋಡು ಕಡೆಯ ಎರಡು ಮನೆಗಳ ಬಾಗಿಲು, ಎಲ್ಲ ಅದರ ಮೇಲೆಯೇ ಆದವು. ಅದರ ಸದ್ದಿನಲ್ಲಿ ಮನುಷ್ಯರ ಮಾತು ಕೇಳುವುದಿಲ್ಲ, ನಿಲ್ಲಿಸಿದಾಗ ಕೇಳಲು ಮನುಷ್ಯರಿಲ್ಲ. ನೂಕುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುವ ಚಾಳಿ ನನಗೆ ಹೋಗಲಿಲ್ಲ. ಯಾರೋ ಹೂಂ ಅನ್ನಬೇಕು ಎಂಬಂತೆ. ಪ್ರತಿ ಹಲಗೆಯ ಕೊನೆಯ ಗೇಣನ್ನು ಕಡಿದು ಒಲೆಗೆ ಹಾಕಿದೆ. ಮಣೆಯ ಮೇಲೆ ಬೆಕ್ಕು ಮಲಗುತ್ತಿತ್ತು.

ಅರವತ್ತೊಂಬತ್ತರಲ್ಲಿ ಅಕ್ಕನಿಗೆ ಕಣ್ಣು ಮಂಜಾಯಿತು. ಶಿರಸಿಯಲ್ಲಿ ಡಾಕ್ಟರಿಗೆ ತೋರಿಸಲೆಂದು ಬಂದು ಒಂದು ದಿನ ನನ್ನಲ್ಲಿ ಉಳಿದಳು. ಬೆಳಿಗ್ಗೆ ನಾನು ಏಳಡಿಯ ಹಲಗೆಯೊಂದನ್ನು ಕಿಂಡಿಗೆ ಹಾಕಿ, ಸುತ್ತಿ ಬಂದು ಒಳಗೆ ನಿಂತಿದ್ದೆ. ಅಕ್ಕ ಮುಖ ತೊಳೆಯಲು ಹಿತ್ತಿಲಿಗೆ ಹೋಗಿದ್ದಳು. ಮಶೀನು ಹಚ್ಚುವ ಮೊದಲು ಕಿಂಡಿಯ ಆಚೆಯಿಂದ ಅವಳ ದನಿ ಕೇಳಿತು.

“ತಮಾ, ಈ ಮಣೆ ಯಾರಿಗೆ ಮಾಡಿದ್ದು?”

ಅವಳು ಅಲ್ಲೆಲ್ಲ ತಡವಿ ನೋಡುತ್ತಿರುವುದು ಗೊತ್ತಾಗುತ್ತಿತ್ತು, ತಗಡು, ಕುದುರೆ, ಹಲಗೆಯ ಬಾಲ. ಬೆಕ್ಕನ್ನು ಓಡಿಸಿದಳು. ಮಣೆ ಕಿರ್ ಅಂದಿತು.

“ಇಲ್ಲೊಂದು ಕೈ ಬೇಕಿತ್ತಲ ಇದಕ್ಕೆ. ಎಂತೂ ಇಲ್ಲೆ ಅಂದಿದ್ಯಲ ಆವತ್ತು?”

ನಾನು ಮಶೀನು ಹಚ್ಚಿದೆ. ಆ ಸದ್ದಿನ ಒಳಗೂ ನನಗೆ ಕೇಳಿತು, “ಹೂಂ.” ನೂಕಿದೆ. ನಡುವೆ ಗೋಡೆ, ಅವಳು ನನಗೆ ಕಾಣುತ್ತಿರಲಿಲ್ಲ, ಹಲಗೆ ಮಾತ್ರ ನನ್ನ ಕೈಯಡಿಯಲ್ಲಿ ನೀರಿನಂತೆ ಹೋಗುತ್ತಿತ್ತು. ಬಾಲ ಕುದುರೆಯಿಂದ ಜಾರುವ ಹೊತ್ತು ಬಂತು, ಕುಗ್ಗಲಿಲ್ಲ. ಕಿಂಡಿಯೊಳಗೆ ಹಲಗೆಯ ಅಡಿಗೆ ಅಂಗಾತವಾಗಿ ಸಾಗಿ ಬಂದ ಅವಳ ಅಂಗೈ ಕಂಡಿತು, ಕಿಂಡಿಯ ಅಂಚಿನ ತನಕ ಬಂದು ಅಲ್ಲಿ ಬಿಟ್ಟಿತು. ಜಡ್ಡು ಹೋಗಿ ಕೈ ಮೆತ್ತಗಾಗಿತ್ತು.

ಮಧ್ಯಾಹ್ನದ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ಇಲ್ಲೇ ಇರು ಎಂದು ಅಂದೂ ಹೇಳಲಿಲ್ಲ. ಅಷ್ಟರಲ್ಲಿ ಅಲ್ಲಿಯ ಮಕ್ಕಳು ಅವಳನ್ನು ದೊಡ್ಡಾಯಿ ಎಂದು ಕರೆಯುತ್ತಿದ್ದವು. ಮನೆಗೆ ಬಂದು ಆ ಹಲಗೆಯನ್ನು ಮಗುಚಿ ಕೊನೆಯ ಗೇಣಿನ ಮೇಲೆ ಕೈಯಾಡಿಸಿದೆ, ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿದೆ. ಗುಳಿ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಬಾಲ ಕಡಿಯದೆ ನಾನು ಬಳಸಿದ ಹಲಗೆ ಅದೊಂದೇ. ಯಾರದೋ ಮನೆಯ ಬಾಗಿಲಿಗೆ ಏಳಡಿಗೆ ಏಳಡಿಯೂ ಹೋಯಿತು.